ಪಟ್ಟಿಯಲ್ಲಿ ಇಲ್ಲದವರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ನಮ್ಮ ಶಾಲೆಯ 2005ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ, ಬಿ.ಇ. ಪದವೀಧರ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿರುವವರು ಆಡಿದ ಮಾತುಗಳ ಬರಹ ರೂಪ.)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಮಾಹಿತಿ ತಂತ್ರಜ್ಞಾನ ಮತ್ತು ಉದ್ಯೋಗಾವಕಾಶಗಳು’ ಎಂದು ಅಚ್ಚಾಗಿದೆ. ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದೇ ವಿಷಯ ಬದಲಾಯಿಸಿದ್ದೇನೆ. ಇದಕ್ಕೆ ಕಾರಣ ನನ್ನ ಅಮ್ಮ. ಮೊನ್ನೆ ರಾತ್ರಿ ನಾನು ಭಾಷಣ ಬರೆಯುತ್ತಾ ಕೂತಿದ್ದಾಗ ಹೇಳಿದರು: “ಎಂತದೋ ಕಂಪ್ಯೂಟರ್ ವಿಷ್ಯ ಹೇಳುಕೆ ನೀ ಊರಿಗ್ ಬರ್ಕಾ? ಹೋದೋರ್ ಬಗ್ಗೆ ಎರಡ್ ಮಾತ್ ಹೇಳ್.”

ಅಮ್ಮ ಹಾಗೆ ಹೇಳುವುದಕ್ಕೂ ಒಂದು ಹಿನ್ನೆಲೆ ಇದೆ. ಆರು ತಿಂಗಳ ಹಿಂದೆ ಮಹೋತ್ಸವ ಸಮಿತಿಯವರು, ನೀನು ಸಾಫ್ಟ್‌ವೇರಿನವನಲ್ಲವಾ, ಹಳೆ ವಿದ್ಯಾರ್ಥಿಗಳ ಪಟ್ಟಿ ಮಾಡು ಎಂದು ನನಗೆ ಒಪ್ಪಿಸಿದರು. ಸಾಫ್ಟ್‌ವೇರಿನವರಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಮದುವೆ ವಿಡಿಯೋದವರೆಗೆ ಎಲ್ಲ ಬರುತ್ತದೆ ಎಂಬುದು ನಮ್ಮೂರಿನ ನಂಬಿಕೆ. ನಾನು ಒಂದು ಎಕ್ಸೆಲ್ ಹಾಳೆ ತೆರೆದೆ. ಹೆಸರು, ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ಮುಂದಿನ ಓದು, ಉದ್ಯೋಗ, ಈಗಿನ ಊರು, ಫೋನ್ ನಂಬರ್ ಎಂದು ಅಂಕಣ ಹಾಕಿದೆ. ರಸ್ತೆಯ ಮೇಲಿನ ಮನೆಗಳವರ ಹೆಸರು ಬೇಗ ಬೇಗ ತುಂಬಿತು. ದುಬೈ, ಮುಂಬಯಿ, ಬೆಂಗಳೂರು, ಬ್ಯಾಂಕು, ಹೋಟೆಲು, ಶಿಕ್ಷಕ ವೃತ್ತಿ. ಕಡಲ ಬದಿಯ ನಮ್ಮ ಕೇರಿಗೆ ಬಂದಾಗ ಹಾಳೆ ಬಿಳಿ ಬಿಳಿ ಕಾಣತೊಡಗಿತು. ಎಂಟನೇ ಕ್ಲಾಸಿಗೆ ಬಿಟ್ಟವರು, ಒಂಬತ್ತಕ್ಕೆ ಬಿಟ್ಟವರು, ಶಾಲೆಯ ಗೇಟನ್ನೇ ದಾಟದವರು. ಎಸ್ಸೆಸ್ಸೆಲ್ಸಿ ವರ್ಷ ಇಲ್ಲದೆ ಸಾಲು ಮುಂದೆ ಹೋಗದ ಹಾಗೆ ನಾನೇ ಆ ಹಾಳೆಯನ್ನು ಮಾಡಿಟ್ಟಿದ್ದೆ! ತಪ್ಪು ನನ್ನದೇ. ಆ ಆರು ತಿಂಗಳಲ್ಲೇ ನಮ್ಮ ಕೇರಿಯ ಇಬ್ಬರು ತೀರಿಕೊಂಡರು. ಅದಕ್ಕೂ ಮುಂಚಿನ ಎರಡು ವರ್ಷದಲ್ಲಿ ಇನ್ನೂ ಮೂವರು. ಈ ಐವರಲ್ಲಿ ಒಬ್ಬರ ಹೆಸರೂ ನನ್ನ ಪಟ್ಟಿಯಲ್ಲಿ ಹಿಡಿಯಲಿಲ್ಲ. ಆದರೆ ಅವರಲ್ಲಿ ಇಬ್ಬರು ಇಲ್ಲದಿದ್ದರೆ ನನ್ನ ಹೆಸರೂ ಅದರಲ್ಲಿ ಇರುತ್ತಿರಲಿಲ್ಲ.

ನಾನು ಅವರ ಹೆಸರು ಹೇಳುವುದಿಲ್ಲ. ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ಕ್ರಮ ಇಲ್ಲ. ಊರವರಿಗೆ ಹೇಳುವ ಅಗತ್ಯವೂ ಇಲ್ಲ.

ಮೊದಲು ತಾಂಡೇಲಜ್ಜ. ಕಳೆದ ಶ್ರಾವಣದಲ್ಲಿ, ನೂಲು ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಹೋದರು. ಕಡಲಿಗೆ ತೆಂಗಿನಕಾಯಿ ಬಿಡುವ ಪೂಜೆಗೆ ಪ್ರತಿ ವರ್ಷ ಮುಂದೆ ನಿಲ್ಲುತ್ತಿದ್ದವರು ಅವರೇ. ಈಗಿನ ಮಕ್ಕಳಿಗೆ ತಾಂಡೇಲ ಎಂದರೆ ಬೋಟು ನಡೆಸುವವರು ಅಂತ ಗೊತ್ತು. ಈ ಅಜ್ಜನ ಪ್ರಾಯಕಾಲದಲ್ಲಿ ಬೋಟು ಇರಲಿಲ್ಲ, ರಂಪಣಿ ಇತ್ತು. ದೋಣಿಯಲ್ಲಿ ಹೋಗಿ ಬಂಗುಡೆಯ ಹಿಂಡನ್ನು ಸುತ್ತುವರಿದು ಆ ದೊಡ್ಡ ಬಲೆ ಬಿಡುವುದು, ಆಮೇಲೆ ಅದರ ಎರಡು ತುದಿಯ ಹಗ್ಗವನ್ನು ದಡದಲ್ಲಿ ನಿಂತು ಎಳೆಯುವುದು. ಎಳೆಯಲು ಹತ್ತಾರು ಜನ ಬೇಕು. ಕೇರಿಗೆ ಕೇರಿಯೇ ಬರಬೇಕು. ಹಗ್ಗಕ್ಕೆ ಕೈ ಕೊಟ್ಟ ಮಕ್ಕಳೂ ಬರಿಗೈಲಿ ಮನೆಗೆ ಹೋಗುತ್ತಿರಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ಬೋಟು ಬಂತು. ಮೀನು ದಡದ ಹತ್ತಿರ ಬರುವ ಮೊದಲೇ ಹಿಡಿಯುವ ಬೋಟು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಈಗ ಉಳಿದಿರುವುದು ಸಣ್ಣ ಕೈರಂಪಣಿ ಮಾತ್ರ.

ಅಜ್ಜ ಎರಡನೇ ಕ್ಲಾಸಿನವರೆಗೆ ಓದಿದ್ದರು. ಆದರೆ ನಮ್ಮ ಹೈಸ್ಕೂಲಿನಲ್ಲಿ ಒಂದು ದಿನ ಪಾಠ ಮಾಡಿದ್ದಾರೆ. ನಮ್ಮ ವಿಜ್ಞಾನ ಮಾಷ್ಟ್ರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ, ಅವರಿಗೆ ನೆನಪಿದೆ. ಒಂಬತ್ತನೇ ಕ್ಲಾಸಿನಲ್ಲಿ ಉಬ್ಬರ ಇಳಿತದ ಪಾಠ. ಮಾಷ್ಟ್ರು ಕಡಲ ಬದಿಯಿಂದ ಅಜ್ಜನನ್ನು ಕರೆಸಿದರು. ಅಜ್ಜ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ತಲೆಯ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿ, ಕಪ್ಪು ಹಲಗೆಯ ಪಕ್ಕ ನಿಂತರು. ಉಬ್ಬರ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ ಎಂದು ಮಾಷ್ಟ್ರು ಬೋರ್ಡಿನ ಮೇಲೆ ಬರೆದರು. ಅಜ್ಜ ಹೇಳಿದರು: “ನಿಮಿಷ ನಂಗೆ ಗೊತ್ತಿಲ್ಲೆ ಮಾಷ್ಟ್ರೇ. ನಮ್ದ್ ಎರಡ್ ಗಳ್ಗಿ.” ಗಳಿಗೆಗೆ ಇಪ್ಪತ್ನಾಲ್ಕು ನಿಮಿಷ, ಎರಡು ಗಳಿಗೆಗೆ ನಲವತ್ತೆಂಟು. ನಾವು ಗುಣಿಸಿ ನೋಡಿ ಹೋ ಎಂದು ಕೂಗಿದೆವು. ಅಮಾವಾಸ್ಯೆ ಹುಣ್ಣಿಮೆಗೆ ನೀರು ಯಾಕೆ ದೊಡ್ಡದು, ಅಷ್ಟಮಿಗೆ ಯಾಕೆ ಸಣ್ಣದು ಎಂದು ಆ ದಿನ ಕಲಿತದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅದೇ ವರ್ಷ ಕಲಿತ ಬೇರೆ ಎಷ್ಟೋ ಮರೆತಿದ್ದೇನೆ.

ಅಜ್ಜನಿಗೆ ಕಡಲಿನಡಿಯ ಕಲ್ಲುಗಳೆಲ್ಲ ಗೊತ್ತಿದ್ದವು. ಕಲ್ಲಿನ ಮೇಲೆ ಬಲೆ ಬಿಟ್ಟರೆ ಹರಿಯುತ್ತದೆ, ಕಲ್ಲಿನ ಬದಿಯಲ್ಲಿ ಗಾಳ ಬಿಟ್ಟರೆ ಒಳ್ಳೆ ಮೀನು. ಅದು ಎಲ್ಲಿದೆ ಎಂದು ತಿಳಿಯಲು ಅವರು ನೋಡುತ್ತಿದ್ದದ್ದು ನೀರನ್ನಲ್ಲ, ನೆಲವನ್ನು. ಮಳೆ ತೊಳೆದ ಆಕಾಶದಲ್ಲಿ ಕೊಡಚಾದ್ರಿಯ ತುದಿ ಕಾಣುತ್ತದಲ್ಲ, ಆ ತುದಿ ದಡದ ಇಂಥ ಮರದ ನೇರಕ್ಕೆ ಬರಬೇಕು. ತೆಂಕಿನ ಕಡೆ ಇಂಥ ಗುಡ್ಡ ಇಂಥ ಮನೆಯ ಮಾಡಿಗೆ ತಾಗಿದ ಹಾಗೆ ಕಾಣಬೇಕು. ಎರಡು ಗೆರೆ ಎಲ್ಲಿ ಕೂಡುತ್ತದೋ ಅಲ್ಲಿ ಕಲ್ಲು. ಜಿಪಿಎಸ್ ಮಾಡುವುದೂ ಹೆಚ್ಚುಕಡಿಮೆ ಇದೇ ಜಾತಿಯ ಲೆಕ್ಕ, ಗುಡ್ಡದ ಬದಲು ಉಪಗ್ರಹ ಅಷ್ಟೇ. ಹೆದ್ದಾರಿ ಅಗಲ ಮಾಡುವಾಗ ಅವರ ಗುರುತಿನ ಮರಗಳು ಕೆಲವು ಹೋದವು. ಬೇಜಾರು ಮಾಡಿಕೊಂಡಿರಬಹುದು ಅಂತ ನಾನು ಕೇಳಿದರೆ, ಮೊಬೈಲ್ ಟವರ್ ಬಂತಲ್ಲ, ಅದು ಮರಕ್ಕಿಂತ ಸಮ ಕಾಣುತ್ತದೆ ಎಂದರು!

ಅವರನ್ನು ಕೂರಿಸಿಕೊಂಡು ದೋಣಿಯಲ್ಲಿ ಹೋಗಿ, ಒಂದೊಂದು ಕಲ್ಲನ್ನೂ ಫೋನಿನಲ್ಲಿ ಗುರುತು ಹಾಕುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಒಂದು ಡಿಸೆಂಬರಿನಲ್ಲಿ ಹೋದೆವು. ಮೂರು ಕಲ್ಲು ಗುರುತಾಯಿತು. ನನಗೆ ವಾಂತಿ ಶುರುವಾಯಿತು, ಮೀನುಗಾರರ ಮಗ ಎಂದು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು. ಉಳಿದದ್ದು ಮುಂದಿನ ರಜೆಯಲ್ಲಿ ಎಂದು ದಡಕ್ಕೆ ಬಂದೆವು. ಮುಂದಿನ ರಜೆಗೆ ಪ್ರಾಜೆಕ್ಟ್ ರಿಲೀಸ್ ಇತ್ತು. ಅದರ ಮುಂದಿನದಕ್ಕೆ ಮಗುವಿಗೆ ಹುಷಾರಿರಲಿಲ್ಲ. ಆಮೇಲೆ ಅಜ್ಜ ದೋಣಿ ಹತ್ತುವ ಸ್ಥಿತಿಯಲ್ಲಿರಲಿಲ್ಲ. ನನ್ನ ಫೋನಿನಲ್ಲಿ ಈಗಲೂ ಮೂರೇ ಚುಕ್ಕೆಗಳಿವೆ.

ಎರಡನೆಯವರು ದೊಡ್ಡಮ್ಮ. ಸಂಬಂಧದಲ್ಲಿ ನನಗೆ ದೊಡ್ಡಮ್ಮ ಅಲ್ಲ, ಕೇರಿಗೆಲ್ಲ ದೊಡ್ಡಮ್ಮ. ಬೆಳಗಿನ ಜಾವ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು, ಹೆಮ್ಮಾಡಿ ವಂಡ್ಸೆ ಕಡೆಯ ಮನೆ ಮನೆಗೆ ಮಾರುತ್ತಿದ್ದವರು. ಮೊದಲು ನಡೆದು, ಆಮೇಲೆ ಬಸ್ಸಿನಲ್ಲಿ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ನಿಂತೇ ಹೋಗುತ್ತಿದ್ದರು. ಕೂತರೆ ಪಕ್ಕದವರು ಏಳುತ್ತಾರೆ, ಅದಕ್ಕಿಂತ ನಿಲ್ಲುವುದೇ ಸುಖ ಎಂಬುದು ಅವರ ಲೆಕ್ಕ.

ನನ್ನ ಅಪ್ಪ ರತ್ನಗಿರಿಯ ಬೋಟಿನಲ್ಲಿದ್ದರು. ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದರು. ನಾವು ಓದುವಾಗ ಹೈಸ್ಕೂಲಿಗೆ ಬಿಸಿಯೂಟ ಬಂದಿರಲಿಲ್ಲ. ಮಧ್ಯಾಹ್ನ ಮನೆಗೆ ಹೋದರೆ ಬೀಗ. ಒಂದು ದಿನ ಜಗಲಿಯಲ್ಲಿ ಕೂತಿದ್ದವನನ್ನು ದೊಡ್ಡಮ್ಮ ನೋಡಿದರು. “ಶಾಲಿಗ್ ಹೋಪು ಮಕ್ಳ್ ಹಸ್ಕಂಡ್ ಇಪ್ಪುಕಾಗ, ಬಾ ಉಣ್ಣ್.” ಅಷ್ಟೇ. ಆ ಮೇಲೆ ಮೂರು ವರ್ಷ ನನ್ನ ಮಧ್ಯಾಹ್ನದ ಊಟ ಅಲ್ಲೇ. ಕುಚ್ಚಲಕ್ಕಿ ಗಂಜಿ, ಮಾರಿ ಉಳಿದ ಬೈಗೆ ಮೀನಿನ ಸಾರು, ಮಳೆಗಾಲದಲ್ಲಿ ಸುಟ್ಟ ಒಣಮೀನು. ಇದಕ್ಕೆ ಅಮ್ಮ ದುಡ್ಡು ಕೊಡಲು ಹೋಗಿ ಬೈಸಿಕೊಂಡರು.

ಸಿಇಟಿ ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೊರಟಾಗ ಕಟ್ಟಬೇಕಾದ ಹಣಕ್ಕೆ ಎರಡು ಸಾವಿರ ಕಡಿಮೆ ಬಿತ್ತು. ರಾತ್ರಿ ದೊಡ್ಡಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟುಗಳನ್ನು ತಂದರು. ಹತ್ತು, ಇಪ್ಪತ್ತು, ಐವತ್ತರ ನೋಟುಗಳು. ಮೀನಿನ ವಾಸನೆ. ಈಗ ನಾನು ಹೇಳುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಆ ನೋಟುಗಳನ್ನು ಬೆಂಗಳೂರಿನಲ್ಲಿ ಕೌಂಟರಿನಲ್ಲಿ ಕೊಡಲು ನನಗೆ ನಾಚಿಕೆಯಾಯಿತು. ಲಾಡ್ಜಿನ ಕಿಟಕಿಯ ಬಿಸಿಲಿಗೆ ಹರಡಿ, ಮೇಲೆ ಪೌಡರ್ ಹಾಕಿದೆ. ಬೇರೆ ದುಡ್ಡಿನ ನಡುವೆ ಸೇರಿಸಿ ಕೊಟ್ಟೆ. ಕೌಂಟರಿನವರು ಮೂಸಿ ನೋಡಲಿಲ್ಲ, ಎಣಿಸಿ ಒಳಗಿಟ್ಟರು.

ಮೊದಲ ಸಂಬಳದಲ್ಲಿ ಎರಡು ಸಾವಿರ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ನನ್ನ ಲೆಕ್ಕದಲ್ಲಿ ನೀನು ಬರುವುದಿಲ್ಲ ಎಂದರು. ಲೆಕ್ಕ ಎಂದರೆ ದೊಡ್ಡಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಗದ್ದೆ ಕೊಯ್ಲಿನವರೆಗೆ ಸಾಲ ಹೇಳುವ ಮನೆಗಳು ಹತ್ತಾರು. ಯಾವ ಮನೆ, ಎಷ್ಟು, ಎಂದಿನಿಂದ ಎಂಬುದೆಲ್ಲ ತಲೆಯಲ್ಲೇ. ನಾನು ಡೇಟಾಬೇಸ್ ಕೆಲಸ ಮಾಡುವವನು, ಒಂದು ಕೆಟ್ಟರೆ ಇರಲಿ ಎಂದು ಪ್ರತಿಯೊಂದನ್ನೂ ಎರಡು ಕಡೆ ಇಡುತ್ತೇವೆ. ದೊಡ್ಡಮ್ಮನದು ಒಂದೇ ಪ್ರತಿ. ಅವರು ಹೋದಾಗ ಆ ಲೆಕ್ಕವೂ ಹೋಯಿತು ಎಂದೇ ಅವರ ಮಗಳೂ ನಾವೂ ತಿಳಿದಿದ್ದೆವು.

ಬೊಜ್ಜದ ದಿನ ವಂಡ್ಸೆ ಕಡೆಯಿಂದ ನಾಲ್ಕು ಜನ ಹೆಂಗಸರು ಒಂದೇ ರಿಕ್ಷಾದಲ್ಲಿ ಬಂದರು. ನಮಗೆ ಯಾರಿಗೂ ಅವರ ಗುರುತಿಲ್ಲ. ಊಟಕ್ಕೆ ಕೂರುವ ಮೊದಲು ಮಗಳನ್ನು ಪಕ್ಕಕ್ಕೆ ಕರೆದರು. ಒಬ್ಬರು ಮುನ್ನೂರ ನಲವತ್ತು, ಒಬ್ಬರು ನೂರ ಎಂಬತ್ತು, ಹೀಗೆ ಕೊಟ್ಟರು. ಇದು ನಿಮ್ಮ ಅಮ್ಮನಿಗೆ ಕೊಡಲು ಬಾಕಿ ಇದ್ದದ್ದು ಎಂದರು. ಆಮೇಲೆ ಹದಿನೈದು ದಿನ ಜನ ಬರುತ್ತಲೇ ಇದ್ದರು. ಪ್ರತಿ ಮನೆಯಲ್ಲೂ ಅದರ ಇನ್ನೊಂದು ಪ್ರತಿ ಇತ್ತು ಅಂತಾಯಿತು.

ಇನ್ನಿಬ್ಬರ ಬಗ್ಗೆ ಹೆಚ್ಚು ಹೇಳುವಷ್ಟು ನನಗೆ ಗೊತ್ತಿಲ್ಲ. ಬಲೆ ಹೆಣೆಯುವ ಮಾವ, ಕೇರಿಯ ಅರ್ಧ ಜನರ ಬಲೆಯ ತೂತು ಮುಚ್ಚಿದವರು. ಮೊಣಕಾಲಿನ ಮೇಲೆ ಬಲೆ, ಪಕ್ಕದಲ್ಲಿ ರೇಡಿಯೋ, ಮಂಗಳೂರು ಆಕಾಶವಾಣಿಯ ಯಕ್ಷಗಾನ. ನಮ್ಮ ಶಾಲೆಯ ವಾಲಿಬಾಲ್ ನೆಟ್ ಹರಿದಾಗಲೆಲ್ಲ ಕಟ್ಟಿಕೊಟ್ಟವರು ಅವರೇ. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ ಎಂದು ದೈಹಿಕ ಶಿಕ್ಷಕರು ನಿನ್ನೆ ಹೇಳಿದರು. ಮತ್ತೆ ಮೀನು ಒಣಗಿಸುತ್ತಿದ್ದ ಅಕ್ಕ. ಮದುವೆಯಾಗಲಿಲ್ಲ, ಮಾತು ಕಡಿಮೆ, ಕಾಗೆ ಓಡಿಸುವ ಕೂಗು ಮಾತ್ರ ಶಾಲೆಯವರೆಗೆ ಕೇಳುತ್ತಿತ್ತು. ಅವರ ಬಗ್ಗೆ ಗೊತ್ತಿರುವವರು ಇಲ್ಲಿ ಇದ್ದೀರಿ, ನನಗಿಂತ ಚೆನ್ನಾಗಿ ಹೇಳುತ್ತೀರಿ.

ಇನ್ನು ನನ್ನ ಗೆಳೆಯ.

ನಾನೂ ಅವನೂ ಎಂಟರಿಂದ ಒಂದೇ ಬೆಂಚು. ಗಣಿತದಲ್ಲಿ ಅವನು ನನಗಿಂತ ಮುಂದಿದ್ದ. ವಿನಯಕ್ಕೆ ಹೇಳುವ ಮಾತಲ್ಲ ಇದು. ನನ್ನ ಪ್ರಮೇಯಗಳನ್ನು ತಿದ್ದುತ್ತಿದ್ದವನು ಅವನೇ. ಹತ್ತನೇ ಕ್ಲಾಸಿನ ದಸರೆ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಅವನ ಅಪ್ಪನ ದೋಣಿಯ ಮೇಲೆ ಸಾಲ ಇತ್ತು. ಮಲ್ಪೆಗೆ ಹೋಗಿ ಟ್ರಾಲ್‌ಬೋಟಿನಲ್ಲಿ ಕಲಾಸಿ ಕೆಲಸಕ್ಕೆ ಸೇರಿದ. ನಾನು ಅವನ ಜಾಗದಲ್ಲಿ ಚೀಲ ಇಟ್ಟುಕೊಂಡು ಆ ವರ್ಷ ಮುಗಿಸಿದೆ.

ಮುಂದೆ ಅವನು ಆಳಸಮುದ್ರದ ಬೋಟುಗಳಲ್ಲಿ ದುಡಿದ. ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಸಮೇತ ಕಾಣೆಯಾದದ್ದು ನಿಮಗೆಲ್ಲ ನೆನಪಿರಬಹುದು. 2019ರ ಮೇ ತಿಂಗಳಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಿನಲ್ಲಿ ಅದರ ಅವಶೇಷ ಸಿಗುವವರೆಗೆ ಕರಾವಳಿಯ ಒಂದೊಂದು ಮನೆಯಲ್ಲೂ ಅದೇ ಮಾತು. ಆ ಸಮಯದಲ್ಲಿ ಇವನ ಹೆಂಡತಿ ಹಟ ಹಿಡಿದಳು. ಆಳಸಮುದ್ರ ಸಾಕು, ಊರಿಗೆ ಬಾ, ನಾಡದೋಣಿಯಲ್ಲಿ ಸಿಕ್ಕಷ್ಟು ಸಾಕು, ದಡ ಕಣ್ಣಿಗೆ ಕಾಣುತ್ತದೆ ಎಂದಳು. ಅವನು ಬಂದ. ಮೂರು ಜನರ ಜೊತೆ ಪಾಲಿನಲ್ಲಿ ದೋಣಿ ಮಾಡಿದ.

ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ನಿಷೇಧ. ನಾಡದೋಣಿಯವರಿಗೆ ಅದೇ ಸುಗ್ಗಿ. ಆದರೆ ಅಳಿವೆ ದಾಟಬೇಕು. ಗಂಗೊಳ್ಳಿ ಅಳಿವೆಯನ್ನು ನಮ್ಮೂರಿನವರಿಗೆ ವಿವರಿಸಬೇಕಾಗಿಲ್ಲ. ಹೊರಗಿನಿಂದ ಬಂದ ಅತಿಥಿಗಳಿಗೆ ಹೇಳುತ್ತೇನೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳ ನೀರು ಒಂದೇ ಬಾಯಲ್ಲಿ ಕಡಲಿಗೆ ಇಳಿಯುತ್ತದೆ. ಹೊಳೆ ತಂದ ಹೂಳು ಆ ಬಾಯಲ್ಲೇ ದಿಬ್ಬವಾಗುತ್ತದೆ. ಕಡಲಿನ ತೆರೆ ಆ ದಿಬ್ಬಕ್ಕೆ ಬಂದು ಎದ್ದು ನಿಲ್ಲುತ್ತದೆ. ಹೊಳೆಯ ನೀರು ಹೊರಗೆ ನುಗ್ಗುತ್ತಿದ್ದರೆ ಇನ್ನೂ ಕಡಿದಾಗಿ ಏಳುತ್ತದೆ.

ಎರಡು ವರ್ಷದ ಹಿಂದಿನ ಜುಲೈಯಲ್ಲಿ ಅವನು ನನಗೆ ಫೋನ್ ಮಾಡಿದ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ತೆರೆಯ ಮುನ್ಸೂಚನೆ ಅವನ ಫೋನಿಗೆ ಬಂದಿತ್ತು. “ತೆರಿ ಎರಡೂವರೆ ಮೀಟರ್ ಅಂತ್ ಹೇಳ್ತ್. ಅದ್ ಅಳ್ವಿಯಂಗೆ ಎಷ್ಟ್ ಆತ್ ಮಾರಾಯ? ಲೆಕ್ಕ ಮಾಡುಕ್ ಬತ್ತಾ?” ನಾನು ಮೀಟಿಂಗಿನಲ್ಲಿದ್ದೆ. ರಾತ್ರಿ ಹೇಳುತ್ತೇನೆ ಎಂದೆ. ರಾತ್ರಿ ಒಂದು ಇಂಗ್ಲಿಷ್ ಪುಟದ ಲಿಂಕ್ ಕಳಿಸಿದೆ. ಅವನು ಹೆಬ್ಬೆರಳಿನ ಗುರುತು ಹಾಕಿದ. ಒಂಬತ್ತು ದಿನ ಬಿಟ್ಟು, ಬೆಳಿಗ್ಗೆ ಮೀನು ಹಿಡಿದು ಒಳಗೆ ಬರುವಾಗ, ಅಳಿವೆಯಲ್ಲಿ ದೋಣಿ ಮಗುಚಿತು. ನಾಲ್ಕು ಜನರಲ್ಲಿ ಮೂವರು ಈಜಿ ದಡ ಸೇರಿದರು. ಲೈಫ್ ಜಾಕೆಟ್ ನಾಲ್ಕೂ ದೋಣಿಯಲ್ಲಿದ್ದವು, ಸುತ್ತಿಟ್ಟದ್ದು ಸುತ್ತಿಟ್ಟ ಹಾಗೆ. ಹಾಕಿಕೊಂಡರೆ ಬಲೆ ಎಳೆಯಲು ಆಗುವುದಿಲ್ಲ ಎನ್ನುತ್ತಾರೆ. ದಡ ಕಣ್ಣಿಗೆ ಕಾಣುತ್ತಿತ್ತು. ಅವನು ಎರಡು ದಿನದ ಮೇಲೆ ಬಡಗಿನ ದಡದಲ್ಲಿ ಸಿಕ್ಕಿದ. ಮನೆಯವರ ಫೋನ್ ಬರುವ ಮೊದಲೇ ಯಾವುದೋ ಗ್ರೂಪಿನಲ್ಲಿ ಅವನ ಫೋಟೋ ನನಗೆ ಬಂದಿತ್ತು. ದಯವಿಟ್ಟು ಅಂಥ ಫೋಟೋ ಕಳಿಸಬೇಡಿ. ಇಷ್ಟು ಜನ ಸೇರಿರುವಾಗ ಇದೊಂದನ್ನು ಕೇಳಿಕೊಳ್ಳುತ್ತೇನೆ.

ನಾನು ಲೆಕ್ಕ ಹೇಳಿದ್ದರೆ ಅವನು ಆ ದಿನ ಹೋಗುತ್ತಿರಲಿಲ್ಲವೇ? ಹೋಗುತ್ತಿದ್ದ. ಆ ಅಳಿವೆಯನ್ನು ಅವನು ನನಗಿಂತ ಚೆನ್ನಾಗಿ ಬಲ್ಲ. ಆದರೂ ಒಂದೇ ಬೆಂಚಿನವನು ಒಂದು ಲೆಕ್ಕ ಕೇಳಿದ್ದ. ನನ್ನ ಎಲ್ಲ ಲೆಕ್ಕವನ್ನೂ ತಿದ್ದಿದವನು.

ಪರಿಹಾರದ ಅರ್ಜಿಗೆ ಕಾಗದಪತ್ರ ಬೇಕಾಯಿತು. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಶಾಲೆಯ ದಾಖಲೆ ತನ್ನಿ ಎಂದರು. ಅವನು ಟಿ.ಸಿ. ತೆಗೆದುಕೊಂಡೇ ಹೋಗಿರಲಿಲ್ಲ. ನಾನೂ ಅವನ ಹೆಂಡತಿಯೂ ಇಲ್ಲಿಗೆ ಬಂದೆವು. ಮುಖ್ಯೋಪಾಧ್ಯಾಯರು ಹಳೆಯ ಕಪಾಟು ತೆಗೆಸಿ, ಧೂಳು ಕೊಡವಿ, ದಾಖಲಾತಿ ಪುಸ್ತಕ ಹುಡುಕಿದರು. ಒಂದು ಗಂಟೆಯೊಳಗೆ ಸಹಿ ಮಾಡಿದ ಪತ್ರ ಕೈಗೆ ಕೊಟ್ಟರು. ಆ ಪುಟದಲ್ಲಿ ನನ್ನ ಹೆಸರಿನ ಎರಡು ಸಾಲು ಕೆಳಗೆ ಅವನ ಹೆಸರು. ಷರಾ ಕಾಲಂನಲ್ಲಿ ನನಗೆ ‘ತೇರ್ಗಡೆ’. ಅವನಿಗೆ ಕೆಂಪು ಶಾಯಿಯಲ್ಲಿ ‘ದೀರ್ಘ ಗೈರುಹಾಜರಿ’.

ಅವನ ಹೆಂಡತಿ ಅದನ್ನು ನಿಧಾನ ಓದಿದಳು. ಹದಿನೆಂಟು ವರ್ಷ ಆಗಿತ್ತು, ಇವತ್ತಿಗೂ ಹೆಸರು ತೆಗೆದಿರಲಿಲ್ಲವಾ ಎಂದು ಕೇಳಿದಳು. ಇಲ್ಲಮ್ಮ, ಶಾಲೆಯಲ್ಲಿ ಯಾರ ಹೆಸರನ್ನೂ ತೆಗೆಯುವುದಿಲ್ಲ ಎಂದರು ಮುಖ್ಯೋಪಾಧ್ಯಾಯರು.

ಆ ಮಾತು ಕೇಳಿಯೂ ನಾನು ಎಕ್ಸೆಲ್ ಹಾಳೆಯಲ್ಲಿ ಎಸ್ಸೆಸ್ಸೆಲ್ಸಿ ವರ್ಷ ಕಡ್ಡಾಯ ಮಾಡಿದ್ದೆನಲ್ಲ, ಅದು ನನಗೆ ಈಗ ಆಶ್ಚರ್ಯ. ಮೊನ್ನೆ ರಾತ್ರಿ ಆ ಅಂಕಣ ತೆಗೆದೆ. ‘ಶಾಲೆಗೆ ಸೇರಿದ ವರ್ಷ’ ಎಂದು ಹಾಕಿದೆ. ಸೇರದೇ ಇದ್ದವರಿಗೆ ‘ಶಾಲೆಯ ಜೊತೆಗಿನ ಸಂಬಂಧ’ ಎಂದು ಇನ್ನೊಂದು. ಬಲೆ ಹೆಣೆಯುವ ಮಾವನ ಮುಂದೆ ‘ವಾಲಿಬಾಲ್ ನೆಟ್’ ಎಂದು ಬರೆದಿದ್ದೇನೆ. ತಾಂಡೇಲಜ್ಜನ ಮುಂದೆ ‘ಒಂದು ತರಗತಿ, ವಿಜ್ಞಾನ’. ಸ್ಮರಣ ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಹದಿನೈದು ದಿನ ಇದೆ ಎಂದು ಸಂಪಾದಕರು ಹೇಳಿದ್ದಾರೆ.

ಹಾಗಾಗಿ ಊಟದ ಹೊತ್ತಿಗೆ ಹತ್ತನೇ ತರಗತಿಯ ಕೋಣೆಯಲ್ಲಿ ಅಮ್ಮ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತಿರುತ್ತಾರೆ. ಬರೆಯುವವಳು ನನ್ನ ಗೆಳೆಯನ ಮಗಳು. ಈಗ ಇದೇ ಶಾಲೆಯಲ್ಲಿ ಎಂಟನೇ ಕ್ಲಾಸು. ನಿಮ್ಮ ಮನೆಯಿಂದ, ನಿಮ್ಮ ಕೇರಿಯಿಂದ ಹೋದವರ ಹೆಸರು, ಅವರನ್ನು ಕರೆಯುತ್ತಿದ್ದ ಹೆಸರು, ಒಂದೆರಡು ಮಾತು ಹೇಳಿ. ಅಕ್ಷರ ಅಪ್ಪನ ಹಾಗೇ ಇದೆ, ಸ್ಪಷ್ಟ. ತಾಂಡೇಲಜ್ಜನ ದೋಣಿಯಲ್ಲಿ ಹೋದವರು ಯಾರಾದರೂ ಇದ್ದರೆ ನನ್ನನ್ನು ಹುಡುಕಿ. ಕಲ್ಲಿನ ಗುರುತು ಎಷ್ಟು ನೆನಪಿದೆಯೋ ಅಷ್ಟು ಹೇಳಿ. ಬುಧವಾರದವರೆಗೆ ಊರಿನಲ್ಲಿದ್ದೇನೆ, ಈ ಸಲ ವಾಂತಿಯ ಮಾತ್ರೆಯೂ ತಂದಿದ್ದೇನೆ.

ಮಕ್ಕಳ ಯಕ್ಷಗಾನಕ್ಕೆ ಹೊತ್ತಾಯಿತು. ಚೆಂಡೆಯವರು ಆಗಿನಿಂದ ನನ್ನನ್ನೇ ನೋಡುತ್ತಿದ್ದಾರೆ.